ಯಾರ ಪೈಕಿ ಎಂದು ಕೇಳುವ ಮಾಸ್ತರರು

ಗಂಗಾವತಿಯಲ್ಲಿ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆ ಕಲಿಸುವ ಗೋವಿಂದರಾಜ ಮಾಸ್ತರರು ಯಾವ ಪ್ರಶ್ನೆಗೂ ನೇರ ಉತ್ತರ ಕೊಟ್ಟವರಲ್ಲ. "ಫೋಲ್ಡರ್ ಬದಲಿಸೋ ‘ಸಿಡಿ’ ಆಜ್ಞೆಗೆ ‘ಮ್ಯಾನ್’ ಹೊಡದ್ರ ಕೈಪಿಡಿ ಸಿಗವಲ್ದು ಸರ್" ಎಂದು ಯಾರಾದರೂ ಗೋಳಾಡಿದರೆ ಅವರ ಕಣ್ಣುಗಳು ಮಿನುಗುತ್ತವೆ. "ಮೊದ್ಲ ಅದು ಯಾರ ಪೈಕಿ ಅಂತ ಕೇಳೀಯೇನೋ? ‘ಟೈಪ್ ಸಿಡಿ’ ಅಂತ ಹೊಡಿ." ಅದು ಆಜ್ಞೆಗಳನ್ನು ನಡೆಸುವ ಷೆಲ್‌ನದೇ ಒಳಗಿನ ಆಜ್ಞೆ ಎಂದು ಪರದೆ ಹೇಳುತ್ತದೆ. "ನೋಡು, ಮನಿ ಮಗಾನ ಅದಾನ! ಮನಿ ಮಗನ ಸುದ್ದಿ ಓಣಿ ಮಂದೀನ ಯಾಕ ಕೇಳ್ತಿ? ಷೆಲ್‌ನ್ನ ಕೇಳು, ‘ಹೆಲ್ಪ್ ಸಿಡಿ’ ಅನ್ನು. ಹೊರಗಿನ ಆಜ್ಞೆಗಷ್ಟ ‘ಮ್ಯಾನ್’." ಅಪರಿಚಿತರನ್ನೂ ಅವರು ಮಾತಾಡಿಸುತ್ತಿದ್ದುದು ಹೀಗೆಯೇ, ಯಾರ ಪೈಕಿ, ಯಾವ ಜಾತಿ ಎಂದು ತಿಳಿಯುವತನಕ ಬಸ್ಸಿನಲ್ಲಿ ಪಕ್ಕದವರಿಗೆ ನೆಮ್ಮದಿ ಇರುತ್ತಿರಲಿಲ್ಲ. ಹೊಸ ವಿದ್ಯಾರ್ಥಿಗಳಿಗೂ ಮೊದಲ ಪ್ರಶ್ನೆ ಅದೇ ಆಗಿತ್ತು. ಹುಲಿಹೈದರದಿಂದ ಬಂದ ರೇಣುಕಾಳನ್ನೂ ಕೇಳಿದರು. ಕಲಿಯಲೇಬೇಕೆಂದು ಹಟ ಹಿಡಿದು ಬಂದಿದ್ದ ಹುಡುಗಿ ಚೀಲ ಎತ್ತಿಕೊಂಡಳು. "ಹಿಂದಿನ ಕ್ಲಾಸಿನ್ಯಾಗ ಅದನ್ನ ಹೇಳಿದ ಮ್ಯಾಲ ನನ್ನ ಬಾಜೂಕ ಯಾರೂ ಕುಂದರಲಿಲ್ರಿ ಸರ್" ಎಂದು ಬಾಗಿಲಿನತ್ತ ನಡೆದಳು. ಮಾಸ್ತರರು ಎದ್ದರು. ತಮ್ಮ ಕುರ್ಚಿಯನ್ನು ಎಳೆದು ಖಾಲಿ ಕಂಪ್ಯೂಟರಿನ ಮುಂದಿದ್ದ ಕುರ್ಚಿಗೆ ತಾಗಿಸಿ ಇಟ್ಟು ಕೂತರು. "ಬಾರವ್ವ, ಕುಂದ್ರು. ಬಾಜೂಕ ನಾ ಅದೀನಿ." ಅವಳು ತಡೆದು ನಿಂತು, ಆಮೇಲೆ ಬಂದು ಕೂತಳು. ಅಂದಿನಿಂದ ಆ ಪ್ರಶ್ನೆ ಆಜ್ಞೆಗಳಿಗಷ್ಟೇ. ಮನುಷ್ಯರ ಮುಂದೆ ಅದು ನಾಲಿಗೆಯ ತುದಿಗೆ ಬಂದಾಗಲೆಲ್ಲ ಅವರು "ಚಹಾ ಕುಡಿಯೂಣೇನ್ರಿ?" ಎನ್ನುತ್ತಾರೆ, ಹಾಗಾಗಿ ಮಾಸ್ತರರು ಈಗ ವಿಪರೀತ ಚಹಾ ಕುಡಿಯುತ್ತಾರೆ.