ಮಿಸ್ಟೇಕಾದ ಅಕ್ಕಿಹಿಟ್ಟು

ಹೋದ ಭಾನುವಾರ ಕಲ್ಯಾಣ ನಗರದ ನಿಮ್ಮ ಮನೆಯಲ್ಲಿ ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ನಿಮ್ಮಿಬ್ಬರಲ್ಲಿ ಚಿಕ್ಕವಳು ಬಂದು, "ಅಜ್ಜಿ, ಮಿಸ್ಟೇಕ್‌ಗೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದಳು. ಸ್ಕೂಲಿನಲ್ಲಿ ಕೊಟ್ಟ ಹೋಮ್‌ವರ್ಕ್ ಅಂತೆ. "ತಪ್ಪು" ಎಂದೆ. ಅವಳು ಬರೆದುಕೊಂಡಳು. ಸೋಫಾದ ಮೇಲೆ ಮಲಗಿದ್ದ ದೊಡ್ಡವನು ಮೊಬೈಲಿನಲ್ಲಿ ಹುಡುಕಿ, ಆ ಮಾತು ಮೊದಲು ಇಂಗ್ಲಿಷಿನವರದ್ದೇ ಅಲ್ಲ, ಉತ್ತರದ ಚಳಿ ಸಮುದ್ರದ ಕಡೆಯ ಜನರಿಂದ ಬಂದದ್ದು ಎಂದು ಓದಿ ಹೇಳಿದ.

"ಟೇಕ್ ಅಂದ್ರೆ ತಗೊಳ್ಳೋದು ಅಜ್ಜಿ. ಅದಕ್ಕೆ ಮೊದಲು ಮಿಸ್ ಸೇರಿದ್ರೆ ತಪ್ಪಾಗಿ ತಗೊಳ್ಳೋದು. ಒಂದರ ಬದಲು ಇನ್ನೊಂದನ್ನ ಎತ್ಕೊಂಡುಬಿಡೋದು. ಹುಟ್ಟಿದಾಗ ಅಷ್ಟೇ ಅರ್ಥ ಇತ್ತಂತೆ."

ನಾನು ನಕ್ಕೆ. ಯಾಕೆ ಎಂದು ಇಬ್ಬರೂ ಕೇಳಿದಿರಿ. ನನಗೆ ಥಟ್ಟನೆ ಹೇಳಲು ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ಬರೆಯಲು ಕೂತರೆ ನಿಧಾನವಾಗಿ ಬರುತ್ತದೆ.

ಹಲಸೂರಿನ ನಮ್ಮ ಹಿಟ್ಟಿನ ಗಿರಣಿ ನಿಮಗೆ ಸ್ವಲ್ಪ ನೆನಪಿರಬಹುದು. ಒಳಗೆ ಬಂದರೆ ತಲೆಯೆಲ್ಲ ಬೆಳ್ಳಗಾಗುತ್ತದೆ ಎಂದು ನಿಮ್ಮಮ್ಮ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ತಾತ ಹೋದ ಮೇಲೆ ಮಂಡಿನೋವು ಜಾಸ್ತಿಯಾಗುವವರೆಗೂ ನಾನೇ ಅದನ್ನು ನಡೆಸಿದೆ. ಗಿರಣಿಯ ಸದ್ದಿನಲ್ಲಿ ಯಾರೂ ಯಾರ ಹತ್ತಿರವೂ ಹೆಚ್ಚು ಮಾತಾಡುವ ಹಾಗಿರಲಿಲ್ಲ. ನನಗೆ ಅದೇ ಹಿತವಾಗಿತ್ತು.

ಬೀಸಿದ ಡಬ್ಬಿಗಳನ್ನು ಬಾಗಿಲ ಪಕ್ಕದ ಹಲಗೆಯ ಮೇಲೆ ಇಟ್ಟುಬಿಡುವುದು, ಅವರವರದ್ದನ್ನು ಅವರವರೇ ಎತ್ತಿಕೊಂಡು ಹೋಗುವುದು ತಾತ ಮಾಡಿದ ಪದ್ಧತಿ. ಹಾಗಾಗಿ ಅದಲುಬದಲು ಆಗುತ್ತಲೇ ಇರುತ್ತಿತ್ತು. ರಾಗಿ ಕೊಟ್ಟವರು ಗೋಧಿ ಹೊತ್ತುಕೊಂಡು ಹೋಗುತ್ತಿದ್ದರು. ಶಿವಾಜಿನಗರದಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದ ಒಬ್ಬ ಭಾಯಿ ಯಾರದೋ ಕಡಲೆಹಿಟ್ಟಿಗೆ ನೀರು ಸುರಿದು ಕಲಸಿ, ಅಂಟಿದ ಕೈಯನ್ನು ಹಾಗೇ ಹಿಡಿದುಕೊಂಡು ಸ್ಕೂಟರಿನಲ್ಲಿ ಹಿಂದೆ ಕೂತು ಬಂದಿದ್ದರು. "ಅಮ್ಮಾ, ಮಿಸ್ಟೇಕ್ ಹೋಗಯಾ!"

ಆ ಬೀದಿಯಲ್ಲಿ ಕನ್ನಡ, ತಮಿಳು, ಉರ್ದು ಮೂರೂ ಓಡಾಡುತ್ತಿದ್ದವು. ತಪ್ಪು, ಗಲತಿ ಎಲ್ಲವೂ ಇದ್ದವು. ಆದರೂ ಡಬ್ಬಿ ಹಿಂದಕ್ಕೆ ತರುವಾಗ ಎಲ್ಲರ ಬಾಯಲ್ಲೂ ಮಿಸ್ಟೇಕೇ. ನನ್ನ ಊರಿನ ಶಾಲೆಯಲ್ಲಿ ತಪ್ಪು ಎಂದರೆ ಎರಡೂ ಕಿವಿ ಹಿಡಿದುಕೊಂಡು ಎಲ್ಲರ ಮುಂದೆ ನಿಂತು "ತಪ್ಪಾಯ್ತು ಸಾ" ಎನ್ನಬೇಕಿತ್ತು. ಅಲ್ಲಿ ತಪ್ಪು ಇದ್ದ ಮೇಲೆ ಅದನ್ನು ಹೊರುವವರು ಒಬ್ಬರು ಇರಲೇಬೇಕು. ಮಿಸ್ಟೇಕ್ ಹಾಗಲ್ಲ, ಕರೆಂಟ್ ಹೋದ ಹಾಗೆ ಅದು ತಾನಾಗೇ ಆಗುತ್ತದೆ. "ಮಿಸ್ಟೇಕ್ ಮಾಡ್ಕೋಬೇಡಿ ಗಿರಣಿ ಅಮ್ಮ, ಹಿಟ್ಟು ಸ್ವಲ್ಪ ತರಿ ಆಗಿದೆ" ಎಂದು ಯಾರಾದರೂ ಹೇಳಿದರೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಅರ್ಥ. ಈ ಮಾತಿನ ಹಿಂದೆ ಅಡಗಿಕೊಳ್ಳುವವರೂ ಇದ್ದಾರೆ. ಬೈಕು ತಾಗಿಸಿ ನನ್ನ ಹಲಗೆಯನ್ನೇ ಉರುಳಿಸಿದವನೊಬ್ಬ "ಮಿಸ್ಟೇಕ್ ಆಂಟಿ" ಎಂದವನೇ ಹೋಗೇಬಿಟ್ಟ. ರಸ್ತೆ ತುಂಬ ಚೆಲ್ಲಿದ ಹಿಟ್ಟನ್ನು ನಾನು ಗುಡಿಸಿದೆ.

ಈಗ ನಾನು ಹೇಳಬೇಕೆಂದಿದ್ದ ಸಂಗತಿ.

ಮೇಲಿನ ಬೀದಿಯ ಅಮ್ಮನ ಗುಡಿಗೆ ತಂಬಿಟ್ಟಿನ ಆರತಿ ಹೊರುವ ಮಂಗಳವಾರ ನಾನು ಬೆಳಿಗ್ಗೆ ಕಲ್ಲು ಒರೆಸಿ, ಬೇರೆ ಏನನ್ನೂ ಹಾಕದೆ ಮೊದಲು ಅಕ್ಕಿಯನ್ನೇ ಬೀಸುತ್ತಿದ್ದೆ. ಆ ಹಿಟ್ಟಿಗೆ ಬೆಲ್ಲ ಕಲಸಿ, ಉಂಡೆ ಮಾಡಿ, ಮಧ್ಯೆ ಗುಳಿ ಒತ್ತಿ, ತುಪ್ಪದ ಬತ್ತಿ ಹಚ್ಚುತ್ತಾರೆ. ಆ ವರ್ಷ ಪಕ್ಕದ ಬೀದಿಯ ಮನೆಯಿಂದ ಹೊಸ ಸೊಸೆ ಅಕ್ಕಿ ತಂದಿದ್ದಳು. ಅವಳು ಕಲಬುರಗಿ ಕಡೆಯವಳು. ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಬಂದು ಕೆ.ಆರ್. ಪುರದಲ್ಲಿ ಬಾಡಿಗೆ ರೂಮಿನಲ್ಲಿದ್ದರು. ಆ ಮನೆಯ ಹುಡುಗ ಅವಳನ್ನು ಮೆಚ್ಚಿ ಮದುವೆಯಾಗಿದ್ದ. ಅತ್ತೆಗೆ ಅದು ಪೂರ್ತಿ ಒಪ್ಪಿಗೆಯಿರಲಿಲ್ಲ. ಹುಡುಗಿ ಆಗ ಬಸುರಿ.

ಅದೇ ಹೊತ್ತಿಗೆ ತಮಿಳಿನ ಒಬ್ಬ ಯಜಮಾನರೂ ಅಕ್ಕಿ ತಂದಿದ್ದರು. ಅವರೂ ನನ್ನ ಹಾಗೆ ಜೊತೆಯವರನ್ನು ಕಳೆದುಕೊಂಡವರು. ಹೆಂಡತಿಯ ತಿಥಿಗೆ ಮುರುಕು ಕರಿಯಲು ವರ್ಷವರ್ಷವೂ ನಮ್ಮಲ್ಲೇ ಬೀಸಿಸುತ್ತಿದ್ದರು. ಎರಡೂ ಸ್ಟೀಲ್ ಡಬ್ಬಿ, ಎರಡರ ಬಾಯಿಗೂ ಬಿಳಿ ಬಟ್ಟೆ. ಒಂದರ ಹಿಂದೆ ಒಂದು ಬೀಸಿ ಹಲಗೆಯ ಮೇಲಿಟ್ಟು ನಾನು ಕಲ್ಲಿನ ಕಡೆ ತಿರುಗಿದೆ.

ಸಂಜೆ ಅತ್ತೆ ಸೊಸೆ ಇಬ್ಬರೂ ಬಂದರು. ಅತ್ತೆಯ ಕೈಯಲ್ಲಿ ಖಾಲಿ ಡಬ್ಬಿ. ಆರತಿ ಹೊತ್ತು ಬಂದು ಪಾತ್ರೆ ತೊಳೆಯುವಾಗ ನೋಡಿದರಂತೆ, ಡಬ್ಬಿಯ ತಳದಲ್ಲಿ ತಮಿಳು ಅಕ್ಷರದಲ್ಲಿ ಯಾರದೋ ಹೆಸರು.

"ಯಾರದಕ್ಕ ಇದು? ಯಾವುದಕ್ಕೆ ಬೀಸ್ಸಿದ್ದು?"

ಹೇಳದೆ ದಾರಿಯಿರಲಿಲ್ಲ. ಹೇಳಿದೆ. ಆಕೆ ಹಲಗೆಯ ಮೇಲೆ ಕೂತೇಬಿಟ್ಟರು.

"ತಿಥಿ ಹಿಟ್ಟಾ! ತಿಥಿ ಹಿಟ್ಟಲ್ಲಿ ಅಮ್ಮನಿಗೆ ದೀಪ ಹಚ್ಚಿದ್ದೀವಾ! ಬಸುರಿ ಹೆಂಗಸು ಹೊತ್ಕೊಂಡು ಹೋಗಿದ್ದಾಳಲ್ಲಕ್ಕಾ!" ಆಮೇಲೆ ಸೊಸೆಯ ಕಡೆ ತಿರುಗಿದರು. "ರೊಟ್ಟಿ ಬಡಿಯೋದು ಬಿಟ್ರೆ ಇನ್ನೇನು ಕಲಿಸಿದ್ದಾರೆ ನಿಮ್ಮಮ್ಮ? ನಮ್ಮನೆ ಡಬ್ಬಿ ಯಾವುದು ಅಂತ ಗೊತ್ತಾಗಲ್ವಾ ನಿಂಗೆ?"

"ಎರಡೂ ಒಂದೇ ನಮೂನಿ ಇದ್ದವ್ರೀ ಅತ್ತಿ," ಎಂದಳು ಹುಡುಗಿ. "ಬಟ್ಟಿ ಕಟ್ಟಿದ್ರಲ್ರೀ."

ಅತ್ತೆಯ ಸೆರಗಿನ ತುದಿಯಲ್ಲಿ ಅರಿಶಿನದ ಬಟ್ಟೆಯ ಪುಟ್ಟ ಗಂಟಿತ್ತು. ತಪ್ಪು ಕಾಣಿಕೆ. ದೇವರ ಕೆಲಸದಲ್ಲಿ ಏನಾದರೂ ಕೆಟ್ಟರೆ ಒಂದು ನಾಣ್ಯ ಕಟ್ಟಿ, ತಪ್ಪಾಯಿತೆಂದು ಒಪ್ಪಿಕೊಂಡು ಹುಂಡಿಗೆ ಹಾಕುವುದು ನಮ್ಮಲ್ಲಿ ಉಂಟಲ್ಲ. ಯಾರದೋ ಡಬ್ಬಿ ಎಂದು ಗೊತ್ತಾದಾಗಲೇ ಕಟ್ಟಿಕೊಂಡು ಬಂದಿದ್ದರು.

"ಇವಳ ಕೈಯಲ್ಲೇ ಹಾಕಿಸ್ತೀನಿ. ನಾನು ಮಾಡಿದ ತಪ್ಪು ಅಂತ ಇವಳೇ ಹೇಳ್ಬೇಕು ಅಮ್ಮನ ಮುಂದೆ."

ಹುಡುಗಿ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆಗ ನನಗೆ ಹೆದರಿಕೆಯಾಯಿತು. ನಾಣ್ಯ ದೊಡ್ಡದಲ್ಲ. ಆದರೆ ಆ ಮಾತನ್ನು ಒಂದು ಸಲ ಬಾಯಿಂದ ಆಡಿಸಿದರೆ, ನಾಳೆ ಆ ಮಗುವಿಗೆ ನೆಗಡಿಯಾದರೂ ಇವಳದ್ದೇ ತಪ್ಪು. ಮುಂದೆ ಏನಾದರೂ ಹೆಚ್ಚುಕಡಿಮೆಯಾದರೆ ಆ ಮನೆಯಲ್ಲಿ ಇವಳು ತಲೆ ಎತ್ತುವ ಹಾಗಿಲ್ಲ.

ಬೀಸುತ್ತಿದ್ದ ರಾಗಿಯನ್ನು ಅರ್ಧಕ್ಕೇ ನಿಲ್ಲಿಸಿ ಮೋಟರ್ ಆಫ್ ಮಾಡಿದೆ. ಎಂದೂ ಹಾಗೆ ಮಾಡಿದವಳಲ್ಲ. ಸದ್ದು ನಿಂತ ಮೇಲೆ ಇಬ್ಬರೂ ನನ್ನ ಮುಖ ನೋಡಿದರು, ನಾನು ಏನಾದರೂ ಹೇಳಲೇಬೇಕಾಯಿತು. "ಒಬ್ಬರ ಹಿಂದೆ ಒಬ್ಬರದ್ದು ಬೀಸಿದ್ದು," ಎಂದೆ. "ಕಲ್ಲಲ್ಲಿ ಯಾವಾಗಲೂ ಒಂದು ಹಿಡಿ ಉಳಿದಿರುತ್ತೆ. ಅವರದ್ದು ನಿಮಗೆ, ನಿಮ್ಮದು ಅವರಿಗೆ ಹೇಗಿದ್ದರೂ ಸ್ವಲ್ಪ ಸೇರೇ ಸೇರುತ್ತೆ."

"ಅಯ್ಯೋ, ಈಗ ಇದನ್ನೂ ಹೇಳ್ತೀರಲ್ಲಕ್ಕಾ!" ಎಂದು ಆಕೆ ತಲೆಯ ಮೇಲೆ ಕೈ ಹೊತ್ತರು.

ಒಳ್ಳೆಯದಾಗಲಿ ಎಂದು ಆಡಿದ ಮಾತು ನನ್ನದು ಯಾವಾಗಲೂ ಹೀಗೇ.

ಅಷ್ಟರಲ್ಲಿ ಯಜಮಾನರು ಇನ್ನೊಂದು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ನಮ್ಮ ಮುಖಗಳನ್ನು ನೋಡಿ ಅವರಿಗೆ ವಿಷಯ ಅರ್ಥವಾಗಿರಬೇಕು.

"ಮಿಸ್ಟೇಕ್ ಆಗೋಯ್ತಮ್ಮಾ," ಎಂದರು. "ಮೊದಲು ಎತ್ಕೊಂಡವನು ನಾನೇ. ಕನ್ನಡಕ ಹಾಕಿರಲಿಲ್ಲ. ಉಳಿದಿದ್ದನ್ನ ತಾನೇ ಈ ಮಗು ತಗೊಂಡು ಹೋಗಿರೋದು? ಬೈಬೇಡಿ."

ಅದು ನಿಜವೋ, ಅವಳ ಮುಖ ನೋಡಿ ಹೇಳಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕಲ್ಲಿನ ಕಡೆ ತಿರುಗಿದ್ದೆನಲ್ಲ.

ಅವರು ತಂದ ಡಬ್ಬಿ ಖಾಲಿಯಿರಲಿಲ್ಲ. ಬಟ್ಟೆ ಬಿಚ್ಚಿದರೆ ಸಕ್ಕರೆ. "ನಿಮ್ಮ ಹಿಟ್ಟು ಮುರುಕಿಗೆ ಮುಗಿದೋಯ್ತು. ಡಬ್ಬಿಗೆ ಮುರುಕು ಹಾಕೋಣ ಅಂದ್ಳು ಮಗಳು. ಬೇಡ ಅಂದೆ. ತಿಥಿ ಮನೆದು, ಬಸುರಿ ಇರೋ ಮನೆಗೆ ಕಳಿಸ್ಬಾರ್ದು ನೋಡಿ. ಅಂಗಡಿಯಿಂದ ಸಕ್ಕರೆ ತಂದು ತುಂಬಿಸಿದೆ."

ಅತ್ತೆ ಸಕ್ಕರೆ ನೋಡಿದರು. ತಮ್ಮ ಕೈಯಲ್ಲಿದ್ದ ಖಾಲಿ ಡಬ್ಬಿಯನ್ನೂ ನೋಡಿದರು. ಆದರೂ ಮನಸ್ಸಿನ ಭಯ ಹೋಗಿರಲಿಲ್ಲ. "ನಿಮ್ಮ ಹಿಟ್ಟು ನಾವು ಅಮ್ಮನಿಗೆ ದೀಪ ಮಾಡ್ಬಿಟ್ಟಿದ್ದೀವಿ ಸ್ವಾಮಿ," ಎಂದರು ಮೆಲ್ಲಗೆ.

"ಆ ಮೇಲಿನ ಬೀದಿ ಅಮ್ಮನಿಗಾ?"

"ಹೂಂ."

ಯಜಮಾನರು ಆಕೆಯ ಕೈಯಲ್ಲಿದ್ದ ಖಾಲಿ ಡಬ್ಬಿಯನ್ನು ಹಾಗೇ ತಿರುಗಿಸಿ ತಳದಲ್ಲಿದ್ದ ಹೆಂಡತಿಯ ಹೆಸರನ್ನು ಹೆಬ್ಬೆರಳಿನಲ್ಲಿ ಒರೆಸಿದರು. "ಇವಳೂ ಅಲ್ಲೇ ಹಚ್ತಾ ಇದ್ದಿದ್ದು. ನಮ್ಮಲ್ಲಿ ಮಾವಿಳಕ್ಕು ಅಂತೀವಿ, ಇದೇ ಅಕ್ಕಿಹಿಟ್ಟು, ಬೆಲ್ಲ. ಅವಳು ಹೋದ ಮೇಲೆ ನಮ್ಮನೆಯಿಂದ ಯಾರೂ ಹಚ್ಚಿರಲಿಲ್ಲ." ಆಮೇಲೆ ಕೇಳಿದರು, "ಚೆನ್ನಾಗಿ ಉರೀತಾ?"

ಹುಡುಗಿಯೇ ಹೇಳಿದಳು, "ಉರೀತ್ರೀ ಅಜ್ಜಾರ. ಗುಡಿ ಮುಟ್ಟೋತನಕಾ ಒಂದೂ ಆರಲಿಲ್ಲ."

ಆಮೇಲೆ ಅತ್ತೆ ಎದ್ದು ಖಾಲಿ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟರು. "ಮನೆಗೆ ಹೋಗಿ ತಂಬಿಟ್ಟು ಇಟ್ಕೊಂಡು ಬಾ. ಖಾಲಿ ಡಬ್ಬಿ ಹೆಂಗೆ ಕೊಡೋದು ಅವರಿಗೆ? ಅಮ್ಮನ ಪ್ರಸಾದ, ಅವರದ್ದೇ ಅಕ್ಕಿ." ಹುಡುಗಿ ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದರು, "ನಿಧಾನ ಹೋಗೇ, ಓಡ್ಬೇಡ!" ಮತ್ತೆ ನನ್ನ ಕಡೆ ತಿರುಗಿ, ಯಾರೋ ಕೇಳಿದ ಹಾಗೆ, "ಮಿಸ್ಟೇಕ್ ಅಲ್ವಾ ಅಕ್ಕ, ಏನ್ಮಾಡೋಕಾಗುತ್ತೆ," ಎಂದರು. ಅದುವರೆಗೂ ಆಕೆಯ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಸೆರಗಿನ ಗಂಟಿನಲ್ಲಿದ್ದ ನಾಣ್ಯ ಏನಾಯಿತೋ ನಾನು ಕೇಳಲಿಲ್ಲ. ಮೋಟರ್ ಹಾಕಿ ರಾಗಿ ಬೀಸಲು ಹೋದೆ.

ಮುಂದಿನ ವರ್ಷ, ಗಿರಣಿ ಮುಚ್ಚುವುದಕ್ಕೆ ಸ್ವಲ್ಪ ಮುಂಚೆ, ಆ ಹುಡುಗಿ ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಮೊಳಕೆ ಕಟ್ಟಿ ಒಣಗಿಸಿದ ರಾಗಿ ತಂದಳು. ಮಗುವಿನ ಸರಿಹಿಟ್ಟಿಗೆ. ಡಬ್ಬಿ ಹಲಗೆಯ ಮೇಲಿಡುವ ಮೊದಲು ತಿರುಗಿಸಿ ನನಗೆ ತೋರಿಸಿದಳು. ತಳದಲ್ಲಿ ಅತ್ತೆಯ ಹೆಸರಿರಲಿಲ್ಲ, ಗಂಡನ ಹೆಸರೂ ಇರಲಿಲ್ಲ. ಹೊಸದಾಗಿ ಕೆತ್ತಿಸಿದ ಚುಕ್ಕಿಚುಕ್ಕಿಯ ಕನ್ನಡ ಅಕ್ಷರಗಳಲ್ಲಿ ಅವಳ ಹೆಸರಿತ್ತು.

"ಅತ್ತಿನೇ ಪಾತ್ರಿ ಅಂಗಡಿಗೆ ಒಯ್ದು ಹಾಕ್ಸ್ಯಾರ್ರೀ," ಎಂದಳು. "ಇನ್ನ ಮಿಸ್ಟೇಕ್ ಆಗಬಾರ್ದಂತ."