ಎರಡನೇ ಆರೋಪಿ

ಆಲೂರಿನಿಂದ ಪೊಲೀಸ್ ಪೇದೆಯೊಬ್ಬರು ಶಾಲೆಗೇ ಬಂದಿದ್ದರು. ನಾನು ಏಳನೇ ತರಗತಿಗೆ ದಶಮಾಂಶ ಕಲಿಸುತ್ತಿದ್ದೆ. ಹೊರಗೆ ಕರೆದು ಕಾಗದ ಕೊಟ್ಟರು. ತಮ್ಮನ ಹೆಂಡತಿ ವರದಕ್ಷಿಣೆ ಕಿರುಕುಳದ ದೂರು ಕೊಟ್ಟಿದ್ದಳು. ತಮ್ಮ ಒಂದನೇ ಆರೋಪಿ, ನಾನು ಎರಡನೆಯವಳು.

"ಅರೆಸ್ಟ್ ಮಾಡಾಕೆ ಬಂದಿಲ್ಲ ಕಣ್ರೀ ಟೀಚರ್. ಇದು ನೋಟಿಸು. ಹೇಳಿದ ದಿನ ಬಂದು ಹೇಳಿಕೆ ಕೊಟ್ಟೋಗಿ" ಎಂದು ಮೆಲ್ಲಗೆ ಹೇಳಿದರು. ಕಿಟಕಿ ಪಕ್ಕದ ಮಕ್ಕಳಿಗೆ ಅದೂ ಕೇಳಿಸಿತು.

ಮದುವೆಯಾದಂದಿನಿಂದ ನಾನಿರುವುದು ಯಸಳೂರಿನಲ್ಲಿ. ಆಲೂರಿನ ತಮ್ಮನ ಮನೆಗೆ ಹಬ್ಬಕ್ಕೊಮ್ಮೆ ಹೋದರೆ ಹೆಚ್ಚು. ಒಂದು ಮಂಗಳವಾರ ಮಧ್ಯಾಹ್ನ ನಾನು ಅಲ್ಲಿಗೆ ಹೋಗಿ, ತವರಿನಿಂದ ಸರ ತಾ ಎಂದು ಅವಳ ಜುಟ್ಟು ಹಿಡಿದೆನೆಂದು ದೂರಿನಲ್ಲಿತ್ತು. ಆ ಹೊತ್ತಿಗೆ ನಾನು ಶಾಲೆಯಲ್ಲಿ ಬಿಸಿಯೂಟ ಬಡಿಸುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಸಹಿಯಿತ್ತು.

ಹಾಸನದ ವಕೀಲರು ಸಮಾಧಾನ ಹೇಳಿದರು. "ದೂರು ಬಂದ ತಕ್ಷಣ ಹಿಡ್ಕೊಂಡು ಹೋಗಂಗಿಲ್ಲಮ್ಮ. ನೋಟಿಸಿಗೆ ಹಾಜರಾದೋರನ್ನ ಸರಿಯಾದ ಕಾರಣ ಬರೀದೆ ಬಂಧಿಸಂಗಿಲ್ಲ. ಆದ್ರೂ ನಿರೀಕ್ಷಣಾ ಜಾಮೀನು ತಗೊಂಡ್ಬುಡಾಣ. ಆಮೇಲೆ ನಿಮ್ಮ ಮಟ್ಟಿಗೆ ಕೇಸು ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋಗಾಣ."

ಜಾಮೀನು ಬೇಗ ಸಿಕ್ಕಿತು. ಹೈಕೋರ್ಟಿನದು ಎರಡು ಮಳೆಗಾಲ ಹಿಡಿಯಿತು. ಮೊದಮೊದಲು ಕೇಳಿದವರಿಗೆಲ್ಲ ಹಾಜರಿ ಪುಸ್ತಕದ ಕಥೆ ಹೇಳುತ್ತಿದ್ದೆ. ಬರುಬರುತ್ತಾ "ಹೂಂ, ಕೇಸೈತೆ" ಎಂದು ಮುಂದೆ ನಡೆಯುತ್ತಿದ್ದೆ.

ಮೊದಲು ಹೈಕೋರ್ಟಿಗೆಂದು ವಕೀಲರು ಸಿದ್ಧಪಡಿಸಿದ ಅರ್ಜಿಯಲ್ಲಿ 'ದೂರು ಸಂಪೂರ್ಣ ಸುಳ್ಳು' ಎಂದಿತ್ತು. ಸಹಿ ಹಾಕಲು ಕೈ ಬರಲಿಲ್ಲ. ದೂರಿಗೆ ಹಿಂದಿನ ಗೌರಿ ಹಬ್ಬದಲ್ಲಿ ತಮ್ಮನ ಹೆಂಡತಿಯ ಕೆನ್ನೆ ಊದಿದ್ದನ್ನು ನಾನು ನೋಡಿದ್ದೆ. "ಕೈ ಮಾಡ್ಬೇಡ ಕಣೋ" ಎಂದು ತಮ್ಮನಿಗೆ ಹೇಳಿ, ಹೋಳಿಗೆ ಊಟ ಮಾಡಿ ಬಂದಿದ್ದೆ. ಅಷ್ಟೇ ನಾನು ಮಾಡಿದ್ದು.

"ನನ್ನ ಬಗ್ಗೆ ಬರೆದಿರೋದು ಸುಳ್ಳು ಅಂತ ಮಾತ್ರ ಹಾಕಿ ಸಾರ್" ಎಂದೆ.

ತಮ್ಮನಿಗೆ ವಿಷಯ ಮುಟ್ಟಿತು. "ಒಡಹುಟ್ಟಿದವಳೇ ಹಿಂಗಂದ್ರೆ ಹೆಂಗಕ್ಕ?" ಎಂದು ಫೋನಿನಲ್ಲಿ ಕೂಗಾಡಿದ.

"ನೀನು ಹೊಡ್ದಿದ್ದು ನಂಗೊತ್ತೈತೆ ಕಣೋ."

ಆಮೇಲೆ ಅವನು ಫೋನ್ ಮಾಡಲಿಲ್ಲ.

ಕೊನೆಗೂ ಆದೇಶ ಬಂತು. ನಾನು ಬೇರೆ ಊರಿನಲ್ಲಿ ವಾಸವಿದ್ದೇನೆ, ಇದ್ದ ಒಂದು ಆರೋಪಕ್ಕೂ ಶಾಲೆಯ ದಾಖಲೆ ಎದುರು ನಿಲ್ಲುತ್ತದೆ, ಹಾಗಾಗಿ ನನ್ನ ಮೇಲಿನ ಪ್ರಕರಣ ರದ್ದು. ತಮ್ಮನದು ಮುಂದುವರಿಯಲಿ ಎಂದಿತ್ತು. ಓದಿ ಮಡಚಿಟ್ಟು ಮಲಗಿಬಿಟ್ಟೆ. ಸಂತೋಷಪಡುವಷ್ಟು ತ್ರಾಣ ಇರಲಿಲ್ಲ.

ಕೆಲವು ತಿಂಗಳ ನಂತರ ಆಲೂರು ಬಸ್ ನಿಲ್ದಾಣದಲ್ಲಿ ತಮ್ಮನ ಹೆಂಡತಿ ಸಿಕ್ಕಳು. ವಿಚಾರಣೆಗೆಂದು ಬಂದಿದ್ದಳು. ಬಹಳ ಇಳಿದುಹೋಗಿದ್ದಳು. ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು.

"ಮನೇರು ಇನ್ಯಾರವ್ರೆ ಅಂತ ದೂರು ಬರ್ಕೊಟ್ಟೋರು ಕೇಳಿದ್ರು ಅಕ್ಕ. ನಿಮ್ಮೆಸ್ರು ಹೇಳ್ದೆ. ಮಿಕ್ಕಿದ್ದು ಅವರೇ ಬರ್ದ್ರು."

"ಓದಿ ನೋಡ್ಲಿಲ್ವ?"

"ಸೈನ್ ಹಾಕು ಅಂದ್ರು. ಹಾಕ್ಬುಟ್ಟೆ."

ಬೈಯಬೇಕೆಂದು ಎಷ್ಟೋ ದಿನ ಮಾತು ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಅವಳೇ ಕೇಳಿದಳು: "ಹಬ್ಬದಲ್ಲಿ ನನ್ನ ಕೆನ್ನೆ ನೋಡಿದ್ರಲ್ಲ, ಅದನ್ನ ಕೋರ್ಟಲ್ಲಿ ಹೇಳ್ತೀರಾ?"

"ಕರೆದ್ರೆ ಹೇಳ್ತೀನಿ" ಎಂದೆ.

ಕರೆದರು. ಕಳೆದ ತಿಂಗಳು ಮತ್ತೊಂದು ರಜೆ ಹಾಕಿ ಹೋಗಿ, ಕಂಡದ್ದನ್ನಷ್ಟೇ ಹೇಳಿ ಬಂದೆ. ತಮ್ಮ ತಲೆ ಎತ್ತಲಿಲ್ಲ. ತೀರ್ಪು ಇನ್ನೂ ಬಂದಿಲ್ಲ.