ಕಡವಿನ ಅಜ್ಜನ ನಾಲ್ಕು ಮೆಟ್ಟಿಲು

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ಬಡಿದರೆ ನನಗೆ ದೋಣಿ ನೆನಪಾಗುತ್ತದೆ. ಗುಲ್ವಾಡಿಯ ಹೊಳೆಯಲ್ಲಿ ನಮ್ಮನ್ನು ದಾಟಿಸುತ್ತಿದ್ದ ಕಡವಿನ ಅಜ್ಜ ದೋಣಿಯ ಸಂದಿಗೆ ರಾಳ ಕಾಯಿಸಿ ತುಂಬುತ್ತಿದ್ದಾಗಲೂ ಇದೇ ವಾಸನೆ...

ಮೊನ್ನೆ ಕುಂದಾಪುರದ ನನ್ನ ಪುಟ್ಟ ವರ್ಕ್‌ಶಾಪಿನಲ್ಲಿ ಮೀನುಗಾರಿಕೆ ಬೋಟಿನ ಅಲಾರಂ ಬೋರ್ಡು ಬಿಚ್ಚಿಕೊಂಡು ಕೂತಿದ್ದೆ. ನಾನೇ ಮಾಡಿಕೊಟ್ಟ ಬೋರ್ಡು. "ಅಕ್ಕಾ, ಇಂಜಿನ್ ಬಿಸಿ ಆದ್ದಕ್ಕೆ ಬೆಲ್ ಆಯ್ತ್. ನೀರ್ ನುಗ್ಗಿದ್ದಕ್ಕೆ ಆಯ್ಲ ಕಾಣಿ" ಎಂದಿದ್ದ ಬೋಟಿನವನು. ಕಾಲಡಿ ಒದ್ದೆಯಾದ ಮೇಲಷ್ಟೇ ಅವರಿಗೆ ಗೊತ್ತಾದದ್ದು. ಹೇಗೋ ದಡ ಸೇರಿದ್ದರು.

ಅದರೊಳಗೆ ಜಿಪಿಐಒ ಎಕ್ಸ್‌ಪ್ಯಾಂಡರ್ ಎಂಬ ಚಿಪ್ ಇದೆ. ಎಂಟು ಸೆನ್ಸರ್‌ಗಳ ಕರೆಯನ್ನೂ ಅದು ಒಂದೇ ತಂತಿಯಲ್ಲಿ ತಿಳಿಸುತ್ತದೆ. ತಂತಿ ಮಿಡಿದ ಕೂಡಲೇ ನಾನು ಬರೆದ ಕರ್ನೆಲ್ ಡ್ರೈವರ್, ಅಂದರೆ ಚಿಪ್ಪನ್ನು ನೋಡಿಕೊಳ್ಳುವ ಪ್ರೋಗ್ರಾಂ, ಓಗೊಡಬೇಕು. ಕರೆದದ್ದು ಯಾರೆಂದು ಅಲ್ಲೇ ನಿಂತು ಕೇಳುವಂತಿಲ್ಲ. ಚಿಪ್ ಉತ್ತರಿಸುವುದು ನಿಧಾನ, ನಿದ್ದೆ ಮಾಡಿ ಕಾಯಬೇಕು. ಆ ಕೆಲಸವನ್ನು ಪ್ರೋಗ್ರಾಮಿನ ಬೇರೊಂದು ಎಳೆಗೆ, ಥ್ರೆಡ್ಡಿಗೆ, ವಹಿಸುತ್ತೇವೆ.

ಅಜ್ಜನ ಪದ್ಧತಿಯೂ ಅದೇ. ಆಚೆ ದಡದ ಗೇರುಮರಕ್ಕೆ ಕಬ್ಬಿಣದ ತುಂಡೊಂದು ತೂಗುಹಾಕಿತ್ತು. ಯಾರೇ ಬಡಿಯಲಿ, ಬಾಯಲ್ಲಿ ಗಂಜಿ ಇದ್ದರೂ ಅಜ್ಜ "ಓ... ಬಂದೇ" ಎನ್ನುತ್ತಿದ್ದ. ಒಮ್ಮೆ ಓಗೊಟ್ಟ ಮೇಲೆ ಮತ್ತೆ ಬಡಿಯುವ ಕ್ರಮವಿರಲಿಲ್ಲ. ಹಿಂದಿನಿಂದ ಬಂದವರು ಸುಮ್ಮನೆ ಮರದಡಿ ಕೂರುತ್ತಿದ್ದರು. ಏಕೆಂದರೆ ದೋಣಿಯಿಂದ ಮರದಡಿ ಕಾಣದ ಕಾರಣ ಅಜ್ಜ ದೋಣಿ ತಿರುಗಿಸುವ ಮುಂಚೆ ಆ ದಡದ ನಾಲ್ಕು ಮೆಟ್ಟಿಲು ಹತ್ತಿ, "ಹ್ವಾಯ್, ಇನ್ ಯಾರಾರೂ ಇದ್ರಿಯಾ?" ಎಂದು ಕೇಳಿಯೇ ಹೊರಡುತ್ತಿದ್ದ. ಅಷ್ಟು ಹೊತ್ತು ನಾವು ದೋಣಿಯಲ್ಲಿ ಕೂತು ಗೊಣಗುತ್ತಿದ್ದೆವು.

ಆಗ ನಾನು ಪೇಟೆಯ ರೇಡಿಯೋ ರಿಪೇರಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ಸಂಜೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಅಜ್ಜ ಮೆಟ್ಟಿಲಿಗೆ ಕಾಲಿಡುವಾಗಲೇ ಅವನ ಅಂಗಿ ಹಿಡಿದೆ. "ಅಜ್ಜ, ಹೊತ್ತಾಯ್ತ್, ಯಾರೂ ಇಲ್ಲ. ಹೋಪ!" ಅಜ್ಜ ಒಮ್ಮೆ ಮೇಲೆ ನೋಡಿದ. ನನ್ನ ಅವಸರ ಕಂಡು ನಕ್ಕು ದೋಣಿ ನೂಕಿದ.

ಮರದಡಿ ಅವನ ಮಗಳೇ ಕೂತಿದ್ದಳು. ಅಮ್ಮನಿಗೆ ಹುಷಾರಿಲ್ಲ ಎಂದಷ್ಟೇ ತಿಳಿದು ಬೈಂದೂರಿನಿಂದ ಬಂದವಳು, ಮಡಿಲಲ್ಲಿ ಆಗಷ್ಟೇ ನಿದ್ದೆ ಹತ್ತಿದ ಎಳೆಗೂಸು. ದಾರಿಯಲ್ಲಿ ಬರುವಾಗಲೇ ಅಪ್ಪ ಓಗೊಟ್ಟದ್ದು ಕೇಳಿತ್ತು, ಹತ್ತಿ ಬಂದೇ ಬರುತ್ತಾನೆಂದು ಕಾದಳು. ಬಹಳ ಹೊತ್ತಿನ ಮೇಲೆ ಇನ್ಯಾರೋ ಕಬ್ಬಿಣ ಬಡಿದಾಗ ಅವಳೂ ದಾಟಿದಳು. ಅಷ್ಟರಲ್ಲಿ ಅವಳ ಅಮ್ಮನ ಉಸಿರು ನಿಂತಿತ್ತು. ಮೊಮ್ಮಗುವಿನ ಮುಖವನ್ನು ಅಜ್ಜಿ ನೋಡಲೇ ಇಲ್ಲ...

ಬಂದ ಗಂಡು ಅವಲಕ್ಕಿ ತಿಂದು ಹೋದವನು ಇವತ್ತಿಗೂ ಉತ್ತರ ಕಳಿಸಿಲ್ಲ. ಅಂಥವನಿಗಾಗಿ ನಾನು ಅವಸರ ಮಾಡಿದ್ದೆ.

ವಾರದ ನಂತರ ಅಜ್ಜನ ಎದುರು ನಿಂತು ಅತ್ತೆ. ಅವನು ಹುಟ್ಟು ಕೆಳಗಿಟ್ಟು ನನ್ನ ತಲೆ ಸವರಿದ. "ನಿನ್ ತಪ್ಪಲ್ಲ ಹೆಣೆ. ಮೆಟ್ಲ್ ಹತ್ತಿ ಕಾಣ್ಕಾದದ್ದ್ ನಾನ್." ಆಮೇಲೂ ನಾಲ್ಕು ಮೆಟ್ಟಿಲು ಹತ್ತುವುದನ್ನು ಅವನು ಬಿಡಲಿಲ್ಲ. ಯಾರೂ ಗೊಣಗಲಿಲ್ಲ.

ಬೋರ್ಡಿನ ತಪ್ಪೂ ಅದೇ ಆಗಿತ್ತು. ಡ್ರೈವರ್ ಇಂಜಿನ್ನಿನ ಕರೆ ನೋಡುತ್ತಿದ್ದಾಗ ನೀರಿನ ಕರೆ ಬಂದಿದೆ. ಮೊದಲ ಕರೆಗೇ ತಂತಿಯನ್ನು ಎಳೆದು ಹಿಡಿದಿದ್ದರಿಂದ ಚಿಪ್ ಮತ್ತೆ ಮಿಡಿಯಲಿಲ್ಲ. ನನ್ನ ಡ್ರೈವರ್ ಒಂದು ಕರೆ ಮುಗಿಸಿ ಹೊರಟುಬಿಟ್ಟಿತ್ತು, ಥೇಟ್ ನನ್ನ ಹಾಗೆ.

ಮೂರು ಸಾಲು ಸೇರಿಸಿದೆ. ಈಗ ಅದು ಹೊರಡುವ ಮುಂಚೆ ಇನ್ನೊಮ್ಮೆ ಚಿಪ್ಪನ್ನು ಕೇಳುತ್ತದೆ. ಯಾರೂ ಉಳಿದಿಲ್ಲ ಎಂದಾಗಲೇ ಮಲಗುತ್ತದೆ. ಪರೀಕ್ಷೆಗೆಂದು ಇಂಜಿನ್ನಿನದು, ನೀರಿನದು ಎರಡೂ ಸ್ವಿಚ್ಚನ್ನು ಒಟ್ಟಿಗೆ ಒತ್ತಿದೆ. ಎರಡೂ ದೀಪ ಹೊತ್ತಿದವು.

ಗುಲ್ವಾಡಿಯಲ್ಲಿ ಈಗ ದೋಣಿಯಿಲ್ಲ, ಅಜ್ಜನೂ ಇಲ್ಲ. ಎರಡನೆಯ ದೀಪವನ್ನೇ ನೋಡುತ್ತಾ ಕೂತೆ. ಅಂದು ಆ ಅಂಗಿಯನ್ನು ನಾನು ಹಿಡಿಯಬಾರದಿತ್ತು.